ಕೌಂಟರಿನ ಎರಡನೆಯ ಕುರ್ಚಿ

ನನ್ನ ಮನಸ್ಸು ಗಟ್ಟಿಯಾಗಿದೆ ಎಂಬುದಕ್ಕೆ ನನ್ನ ಬಳಿ ಪ್ರಮಾಣಪತ್ರವೊಂದಿದೆ. ಅದನ್ನು ಎಲ್ಲಿಟ್ಟೆ ಎಂಬುದು ಮಾತ್ರ ನೆನಪಿಲ್ಲ. ಮೇಜಿನ ಡ್ರಾಯರಿನಲ್ಲಿರಬಹುದು, ಅದನ್ನು ಹಂಚುವ ಹೊತ್ತಿಗೆ ನಾನು ಬಸ್ಸು ಹತ್ತಿದ್ದಿರಲೂಬಹುದು.

ಚಿತ್ರದುರ್ಗದ ನಮ್ಮ ಕಚೇರಿಯಲ್ಲಿ ಮನೋಸ್ಥೈರ್ಯದ ತರಬೇತಿ ಏರ್ಪಟ್ಟಿದ್ದು ಕೌಂಟರಿನ ನಾಗರತ್ನಮ್ಮನವರಿಂದಾಗಿ. ಇಪ್ಪತ್ತು ವರ್ಷ ಆ ಕಿಟಕಿಯಲ್ಲಿ ಕೂತು ಊರೂರಿನವರ ಸುಖದುಃಖ ಕೇಳುತ್ತ ಅರ್ಜಿ ತೆಗೆದುಕೊಂಡವರು. ಒಂದು ದಿನ ಸರ್ವರ್ ಕೈಕೊಟ್ಟಾಗ ಒಬ್ಬಾತ ಎಲ್ಲರೆದುರು ಅವರನ್ನು ಬಾಯಿಗೆ ಬಂದಂತೆ ಬೈದ. ಅಂದಿನಿಂದ ಅವರು ಕಿಟಕಿಯನ್ನು ಅರ್ಧವಷ್ಟೇ ತೆರೆಯತೊಡಗಿದರು. ತನ್ನನ್ನು ರೆಕಾರ್ಡ್ ರೂಮಿಗೆ ಹಾಕಿ ಎಂದು ಅರ್ಜಿ ಬರೆದು, ಸೋಮವಾರ ಕೊಡಲೆಂದು ಬ್ಯಾಗಿನಲ್ಲಿಟ್ಟುಕೊಂಡಿದ್ದರು. ಅಲ್ಲಿನ ಹಳೆಯ ಕಡತಗಳ ದೂಳಿಗೆ ಉಬ್ಬಸ ಬರುವ ಜೀವ. ಅದಕ್ಕಿಂತ ಹೆಚ್ಚಾಗಿ, ಮಾತಿಲ್ಲದೆ ಬದುಕಲಾರದ ಜೀವ.

ತರಬೇತಿ ಶನಿವಾರ ನಡೆಯಿತು. ತರಬೇತುದಾರರು ಎಲ್ಲರಿಗೂ ಒಂದೊಂದು ರಬ್ಬರ್ ಚೆಂಡು ಕೊಟ್ಟು, “ಒತ್ತಿ ನೋಡಿ, ಮತ್ತೆ ಮೊದಲಿನಂತಾಗುತ್ತದೆ. ನಾವೂ ಹೀಗಿರಬೇಕು” ಎಂದರು.

“ಚೆಂಡಿಗೇನ್ರಿ, ಒಳಗೆ ಗಾಳಿ ಬಿಟ್ರೆ ಇನ್ನೇನೈತೆ?” ಎಂದ ನನ್ನ ಪಕ್ಕದ ತಿಪ್ಪೇಸ್ವಾಮಿ. ಮದಕರಿಪುರದ ಕುರಿ ಸಾಕುವ ಮನೆಯವನು, ನಮ್ಮಲ್ಲಿ ಗುಮಾಸ್ತ.

“ನಂದು ಒತ್ತಿದಂಗೇ ಐತೆ ನೋಡಪ್ಪ” ಎಂದು ನಾಗರತ್ನಮ್ಮ ತಗ್ಗಾದ ಚೆಂಡನ್ನು ಎತ್ತಿ ತೋರಿಸಿದರು. ನಕ್ಕವರಲ್ಲಿ ನಾನೂ ಇದ್ದೆ. ಕಿಟಕಿಯಾಚೆ ಕೋಟೆಯ ಬಂಡೆಗಳು ಎಂದೂ ಪುಟಿಯದೆ, ಒಂದಕ್ಕೊಂದು ಆತುಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿದ್ದವು.

ಆಮೇಲೆ ಕಣ್ಣು ಮುಚ್ಚಿ ನೆಮ್ಮದಿಯ ಜಾಗವೊಂದಕ್ಕೆ ಹೋಗಲು ಹೇಳಿದರು. ನಾನು ಭರಮಸಾಗರದ ಕೆರೆಗೆ ಹೋದೆ. ಅಜ್ಜನ ಬೆರಳು ಹಿಡಿದು ಏರಿಯ ಮೇಲೆ ನಡೆಯುತ್ತಿದ್ದೇನೆ. ನೀರಿನ ಮೇಲೆ ಬೆಳ್ಳಕ್ಕಿಗಳ ನೆರಳು ತೇಲುತ್ತಿದೆ. ನಾವು ಆ ಊರಿನಲ್ಲಿ ಇಳಿದೇ ಇಲ್ಲ, ದಾವಣಗೆರೆ ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ ಎನ್ನುತ್ತಾಳೆ ಅಕ್ಕ. ತತ್ವಶಾಸ್ತ್ರದ ಎಂ.ಎ. ನನಗೆ ಎಲ್ಲವನ್ನೂ ಸಂಶಯಿಸಲು ಕಲಿಸಿತು; ದೇವರು, ಸರ್ಕಾರ ಎಲ್ಲ ಮುಗಿದ ಮೇಲೆ ಈಗ ಸಂಶಯಿಸಲು ಉಳಿದಿರುವುದು ನನ್ನ ನೆನಪೊಂದೇ. ನೆನಪೆಂಬುದು ಇಟ್ಟ ವಸ್ತುವಲ್ಲ, ಪ್ರತಿ ಸಲ ಹೊಸದಾಗಿ ಬೇಯಿಸುವ ಅಡುಗೆ ಎಂದು ತಿಳಿದವರು ಹೇಳುತ್ತಾರೆ. ಉಪ್ಪು ನಮ್ಮದೇ.

ಇರಲಿ. ಏರಿಯ ಮೇಲೆ ಕುರಿಮಂದೆ ಬಂತು. ಒಂದು ಕುರಿ ಬೆದರಿ ನಿಂತಿತು. ಆಗ ಕಿವಿಯ ಹತ್ತಿರ ತಿಪ್ಪೇಸ್ವಾಮಿಯ ದನಿ: “ಬೆದರಿದ ಕುರಿಗೆ ಬುದ್ಧಿ ಹೇಳಬಾರ್ದು ಸರ್. ಮಗ್ಗುಲಿಗೆ ಇನ್ನೊಂದು ಕುರಿ ನಿಲ್ಲಿಸ್ಬೇಕು. ಅದು ಸುಮ್ಕೆ ಮೇಯ್ತಿದ್ರೆ ಸಾಕು.”

ಕಣ್ಣು ಬಿಟ್ಟಾಗ ಎಲ್ಲರೂ ಟೀ ಕುಡಿಯುತ್ತಿದ್ದರು.

ಸೋಮವಾರ ನಾನು ನನ್ನ ಕುರ್ಚಿಯನ್ನೂ ಕಡತಗಳನ್ನೂ ಹೊತ್ತು ತಂದು ನಾಗರತ್ನಮ್ಮನವರ ಮಗ್ಗುಲಲ್ಲಿ ಕೂತೆ.

“ಯಾಕ್ ಸಾರ್, ಇಲ್ಲಿಗೆ ಬಂದ್ರಿ?”

“ನನ್ನ ಫ್ಯಾನ್ ಕೆಟ್ಟಿದೆ.”

ಅವರು ಕಿಟಕಿ ತೆರೆದರು. ಅರ್ಧವಷ್ಟೇ. ನಾನು ತಲೆ ತಗ್ಗಿಸಿ ಕಡತ ಮೇಯುತ್ತಿದ್ದೆ. ಹನ್ನೊಂದರ ಹೊತ್ತಿಗೆ ಸರ್ವರ್ ಹೋಯಿತು. ಹೊರಗಿನಿಂದ ಒಂದು ದನಿ ಏರಿತು: “ಇನ್ನೆಷ್ಟೊತ್ತು ಕಾಯಾನ ನಾವು?” ಅವರ ಪೆನ್ನು ನಿಂತಿತು. ನನ್ನತ್ತ ನೋಡಿದರು. ನಾನು ಹಾಳೆ ತಿರುವಿದೆ.

ಅವರು ಕಿಟಕಿಯ ಇನ್ನರ್ಧವನ್ನೂ ತೆರೆದು ಹೊರಗಿನವನಿಗೆ ಹೇಳಿದರು: “ಬಿಸ್ಲಾಗೆ ಯಾಕೆ ನಿಂತೀಯಣ್ಣ, ನೆಳ್ಳಿಗೆ ಕುಂತ್ಕ. ಸರ್ವರ್ ಬಂದ ಕೂಡ್ಲೆ ನಾನೇ ಕರೀತೀನಿ.”

ಮಧ್ಯಾಹ್ನ ಅವರ ಊಟದ ಡಬ್ಬಿಯ ಕೆಳಗೆ ಹಾಸಿದ್ದ ಕಾಗದದಲ್ಲಿ, ಸಾರಿನ ಕಲೆಯ ನಡುವೆ, ‘ರೆಕಾರ್ಡ್ ರೂಮ್’ ಎಂಬ ಅಕ್ಷರಗಳಿದ್ದವು.

ಸಂಜೆ ತಿಪ್ಪೇಸ್ವಾಮಿಗೆ ಕೃತಜ್ಞತೆ ಹೇಳಹೋದೆ. ಅವನು ಕಣ್ಣು ಪಿಳುಕಿಸಿದ. “ನಾನ್ಯಾವಾಗ ಹೇಳ್ದೆ ಸರ್? ನೀವು ಗೊರಕೆ ಹೊಡೀತಿದ್ರಿ. ಅಲ್ದೆ, ಬೆದರಿದ ಕುರಿ ಮಗ್ಗುಲಿಗೆ ಇನ್ನೊಂದು ಬಿಟ್ರೆ ಎರಡೂ ಓಡೋಗ್ತವೆ.”

ಹಾಗಾದರೆ ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಕೆರೆಯೂ ಸುಳ್ಳಾಗಿರಬಹುದು. ಕುರ್ಚಿ ಮಾತ್ರ ಇನ್ನೂ ಅಲ್ಲೇ ಇದೆ.

ಮೊನ್ನೆ ತಿಪ್ಪೇಸ್ವಾಮಿ, “ನಿಮ್ಮ ಜಾಗಕ್ಕೆ ಯಾವಾಗ ಬರ್ತೀರಿ ಸರ್?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಾಗರತ್ನಮ್ಮ, “ಅವರ ಫ್ಯಾನ್ ಕೆಟ್ಟೈತೆ ಬಿಡಪ್ಪ” ಎಂದರು.

ತಿಪ್ಪೇಸ್ವಾಮಿ ತಲೆಯೆತ್ತಿ ನೋಡಿದ. ಖಾಲಿ ಜಾಗದ ಮೇಲೆ ಅದು ಜೋರಾಗಿ ತಿರುಗುತ್ತಿತ್ತು.