ಜಪಾನೀ ತೋಟದ ಕೀಲಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮೊದಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ಹೇಳುವುದಕ್ಕೆ ಸಲೀಸು. ಯಾರ ಒಡವೆ, ಯಾರ ಕಾರು ನೋಡಿಯೂ ನನಗೆ ಏನೂ ಆಗುವುದಿಲ್ಲ. ನಾನು ಉರಿದುಹೋದದ್ದು ಒಂದು ತೋಟಕ್ಕಾಗಿ, ಅದೂ ಬೇರೆ ಯಾರದೋ ತೋಟಕ್ಕಾಗಿ.

ನಾವಿರುವ ಐರ್ಲೆಂಡಿನಲ್ಲಿ, ಕಿಲ್ಡೇರ್ ಕಡೆಯ ಒಂದು ಹಳ್ಳಿಯಲ್ಲಿ ಐರಿಷ್ ತಾತ ಒಬ್ಬರು ಮನೆಯ ಹಿಂದೆ ಜಪಾನೀ ತೋಟ ಮಾಡಿಕೊಂಡಿದ್ದರು. ಹರೆಯದಲ್ಲಿ ಜಪಾನಿನಲ್ಲಿ ಕೆಲಸ ಮಾಡಿ ಬಂದವರು. ಗಂಡ ಹೆಂಡತಿ ಸೇರಿ ಕಲ್ಲು ಹೊತ್ತು, ಕೊಳ ತೋಡಿ ಕಟ್ಟಿದ ತೋಟ ಅದು. ಹೆಂಡತಿ ತೀರಿಕೊಂಡಿದ್ದರು. ಆಫೀಸಿನಲ್ಲಿ ಯಾರೋ ಹೇಳಿದರೆಂದು ನಮ್ಮ ಮನೆಯಿರುವ ಲೂಕನ್‌ನಿಂದ ಮುಕ್ಕಾಲು ಗಂಟೆ ಕಾರು ಓಡಿಸಿ, ಆ ಗೇಟು ತಟ್ಟಿದವಳು ನಾನು. ಏಪ್ರಿಲ್‌ನಲ್ಲಿ ಚೆರ್ರಿ ಹೂ ನೋಡಿ ದಂಗಾದೆ. ಜೂನ್‌ನಲ್ಲಿ ಕೊಳದ ಅಂಚಿನ ನೇರಳೆ ಐರಿಸ್ ಹೂ ನೋಡಲು ಹೋದೆ. ಜನವರಿಯಲ್ಲಂತೂ ಹೂವಿಲ್ಲ, ಎಲೆಯಿಲ್ಲ, ಕಲ್ಲು, ಪೈನ್ ಮರ, ಜಲ್ಲಿಯ ಮೇಲೆ ಕೈಕುಂಟೆಯಲ್ಲಿ ಎಳೆದ ಗೆರೆ ಅಷ್ಟೆ. ಆದರೂ ಒಂದು ಗಂಟೆ ಅಲ್ಲಾಡದೆ ಕೂತಿದ್ದೆ. ನವೆಂಬರ್ ತಿಂಗಳು ಮಾತ್ರ ತಪ್ಪಿಹೋಗಿತ್ತು. "ನೀನು ನೋಡಬೇಕಾದ್ದೇ ಅದು" ಎಂದಿದ್ದರು ತಾತ.

ನನ್ನ ಗೆಳತಿಯನ್ನು ಅಲ್ಲಿಗೆ ಕರೆದುಕೊಂಡು ಹೋದದ್ದೂ ನಾನೇ. ಮೈಸೂರಿನಲ್ಲಿ ಓದಿದ ಡಾಕ್ಟರು, ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ. ಒಂದೇ ಸಲ ಬಂದಳು. ಆರು ತಿಂಗಳಿಗೆ ಅದೇ ಹಳ್ಳಿಯಲ್ಲಿ ಮನೆ ಬಾಡಿಗೆಗೆ ಹಿಡಿದಳು. "ಡ್ಯೂಟಿಗೆ ಹತ್ರ ಆಗುತ್ತೆ ಕಣೇ" ಎಂದಳು. ಹತ್ತಿರವಂತೆ!

ಅಷ್ಟರಲ್ಲಿ ಕೋವಿಡ್ ಬಂತು. ಮನೆಯಿಂದ ಎರಡು ಕಿಲೋಮೀಟರ್, ಆಮೇಲೆ ಐದು, ಅದಕ್ಕಿಂತ ಆಚೆ ಹೋಗುವಂತಿಲ್ಲ. ಎಪ್ಪತ್ತು ದಾಟಿದವರು ಹೊರಗೆ ಕಾಲಿಡುವಂತಿಲ್ಲ. ಬಗ್ಗಿ ಕೆಲಸ ಮಾಡಲಾಗದ ತಾತ ತೋಟದ ಗೇಟಿನ ಕೀಲಿಯನ್ನು ಅವಳಿಗೆ ಕೊಟ್ಟುಬಿಟ್ಟರು. ಜಲ್ಲಿಗೆ ಗೆರೆ ಎಳೆಯುವುದು, ಹಾವಸೆಯಲ್ಲಿ ಹುಟ್ಟಿದ ಕಳೆ ಕೀಳುವುದು, ದಿನಸಿಯನ್ನು ಬಾಗಿಲಲ್ಲಿ ಇಟ್ಟು ಬರುವುದು, ಎಲ್ಲ ಅವಳ ಪಾಲಿಗೆ. ನಾನು ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುವಾಗ ಅವಳ ಫೋಟೋ ಬರುತ್ತಿತ್ತು. "ನಮ್ ತೋಟ ನೋಡೇ ಇವತ್ತು!" ನಮ್ ತೋಟ! ಫೋನನ್ನು ಹಾಸಿಗೆಗೆ ಎಸೆದೆ. "ನಿಂಗೆ ಹೊಟ್ಟೆ ಉರಿ, ಇನ್ನೇನಿಲ್ಲ" ಎಂದು ನನ್ನ ಗಂಡ ನಕ್ಕ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಜುಲೈನಲ್ಲಿ ದಾರಿ ತೆರೆದಾಗ ಓಡಿಹೋದೆ. ಬೇರೆ ಊರಿನಲ್ಲಿರುವ ತಾತನ ಮಗಳು ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದಳಂತೆ, ಒಳಗೆ ಒಬ್ಬರಿಗೆ ಮಾತ್ರ ಪ್ರವೇಶ. ನಾನು ಗೇಟಿನ ಸರಳು ಹಿಡಿದು ನಿಂತೆ. ಅವಳು ಒಳಗೆ ಬರಿಗಾಲಲ್ಲಿ ಕುಂಟೆ ಎಳೆಯುತ್ತಿದ್ದಳು. ಗೆರೆ ಸೊಟ್ಟಗಿತ್ತು. ನಾನಾಗಿದ್ದರೆ ಹಾಗೆ ಎಳೆಯುತ್ತಿರಲಿಲ್ಲ.

ನವೆಂಬರ್‌ನಲ್ಲಿ ಮತ್ತೆ ಐದು ಕಿಲೋಮೀಟರ್ ಆಗಿತ್ತು. ಆಗ ಅವಳಿಗೇ ಕೋವಿಡ್ ತಗುಲಿತು. ಪಾಪ ಎನ್ನಿಸಿತು, ನಿಜ. ಜೊತೆಗೆ ಎದೆಯೊಳಗೆ ಏನೋ ಕುಣಿಯಿತು, ಅದೂ ನಿಜ. ವಯಸ್ಸಾದವರಿಗೆ ಸಾಮಾನು ತಲುಪಿಸಲು ಗಡಿ ದಾಟಬಹುದಿತ್ತು. ಅವಳು ಫೋನಿನಲ್ಲಿ ಕೆಮ್ಮುತ್ತಲೇ ಹೇಳಿದಳು: "ಹಾಲು, ಬ್ರೆಡ್ಡು ತಾತನ ಬಾಗ್ಲಲ್ಲಿ ಇಟ್ಬಿಡು. ಕೀಲಿ ನಮ್ಮನೆ ಕುಂಡದ ಕೆಳಗೈತೆ. ತೋಟ ನೋಡ್ಕೊಂಡ್ ಬಾ, ಆದ್ರೆ ಏನೂ ಮುಟ್ಬೇಡ, ಪ್ಲೀಸ್. ಹಂಗೇ ಬಿಡು." ಓಹೋ, ನಾನು ಮುಟ್ಟಿದರೆ ಮೈಲಿಗೆಯೋ ಎಂದುಕೊಂಡೆ.

ದಾರಿಯಲ್ಲಿ ತಡೆದ ಪೊಲೀಸನಿಗೆ ಹಾಲಿನ ಡಬ್ಬ ತೋರಿಸಿದೆ. "ಗ್ರ್ಯಾಂಡ್, ಹೋಗು" ಎಂದ. ಇಲ್ಲಿನವರು ಬರೀ "ಸರಿ" ಎನ್ನುವುದಕ್ಕೂ ಗ್ರ್ಯಾಂಡ್ ಎನ್ನುತ್ತಾರೆ. ಸಾಮಾನನ್ನು ತಾತನ ಬಾಗಿಲಲ್ಲಿಟ್ಟು, ಕುಂಡದ ಕೆಳಗಿನ ಕೀಲಿ ತಂದು ಗೇಟು ತೆರೆದು ನೋಡುತ್ತೇನೆ, ತೋಟದ ತುಂಬ ಮೇಪಲ್ ಎಲೆ. ಹಸಿರು ಹಾವಸೆ ಕಾಣದಷ್ಟು ಕೆಂಪು. ಎಷ್ಟು ದಿನದಿಂದ ಗುಡಿಸಿಲ್ಲವೋ ಮಹಾರಾಯಿತಿ! ನಾವು ಬೆಳಗ್ಗೆ ಎದ್ದು ಬಾಗಿಲ ಮುಂದಿನ ಕಸ ಗುಡಿಸದೆ ಕಾಫಿಯನ್ನೂ ಕುಡಿಯದ ಜನ. ಇದನ್ನು ಕಂಡು ಸುಮ್ಮನಿರುವುದು ಹೇಗೆ? ಕೋಟು ಬಿಚ್ಚಿ, ಶೆಡ್ಡಿನಿಂದ ಪೊರಕೆ ತಂದು, ಸೆರಗು ಸಿಕ್ಕಿಸುವ ಅಭ್ಯಾಸದಲ್ಲಿ ಸ್ವೆಟರ್ ಸಿಕ್ಕಿಸಿಕೊಂಡು ಶುರು ಮಾಡಿದೆ. ಮೂರು ಗಂಟೆ. ಕಲ್ಲಿನ ಸಂದಿಯ ಎಲೆಗಳನ್ನು ಬೆರಳಿನಿಂದ ಹೆಕ್ಕಿದೆ. ಆರು ಚೀಲ ತುಂಬಿ ಗೊಬ್ಬರದ ಗುಂಡಿಗೆ ಸುರಿದು, ಜಲ್ಲಿಗೆ ನೆಟ್ಟಗೆ ಗೆರೆ ಎಳೆದೆ. ಈಗ ನೋಡಲಿ ಅವಳು!

ಆಗ ಹಿಂದಿನ ಕಿಟಕಿಯ ಪರದೆ ಸರಿಯಿತು. ತಾತ ಆರಾಮಕುರ್ಚಿಯನ್ನು ಗಾಜಿಗೆ ಒತ್ತಿ ಹಾಕಿಕೊಂಡಿದ್ದರು. ನಾನು ಪೊರಕೆ ಎತ್ತಿ ತೋರಿಸಿ ನಕ್ಕೆ. ಅವರು ಮರವನ್ನೂ ನೆಲವನ್ನೂ ನೋಡಿದರು. ಆಮೇಲೆ ಕಿಟಕಿಯನ್ನು ಒಂದಿಷ್ಟು ತೆರೆದು, "ಗ್ರ್ಯಾಂಡ್. ತುಂಬ ಶುಚಿಯಾಗಿದೆ" ಎಂದು ಪರದೆ ಎಳೆದುಕೊಂಡರು. ಮನೆವರೆಗೂ ಕಾರಿನಲ್ಲಿ ಹಾಡು ಗುನುಗಿಕೊಂಡು ಬಂದೆ.

ಸಂಜೆ ಅವಳ ಫೋನು. ಬೈಯಲಿಲ್ಲ, ಅದೇ ಕಷ್ಟವಾದದ್ದು. "ಅದು ಅವರ ಹೆಂಡತಿ ನೆಟ್ಟ ಮರ ಕಣೇ. ಎಲೆ ಹಾವಸೆ ಮೇಲೆ ಬಿದ್ದಿರೋದನ್ನ ನೋಡೋಕೇ ವರ್ಷವಿಡೀ ಕಾಯ್ತಾರೆ. ಇಬ್ರೂ ಕೂತು ನೋಡ್ತಿದ್ರಂತೆ. ಯಾರೂ ಗುಡಿಸಲ್ಲ. ನಿನ್ನೆ ತಾನೇ ಕುರ್ಚಿ ಕಿಟಕಿಗೆ ಎಳ್ಕೊಂಡಿದ್ರಂತೆ."

"ಏನಂದ್ರು?"

"ನೀನ್ಯಾಕೆ ಗುಡಿಸಿದೆ ಅಂತ ಕೇಳಿದ್ರು. ಗುಡಿಸು ಅಂತ ನಾನೇ ಹೇಳಿ ಕಳಿಸಿದ್ದೆ, ಜ್ವರದಲ್ಲಿ ತಲೆ ಓಡ್ಲಿಲ್ಲ ಅಂದೆ. ನೀನು ಅತ್ತೂ ಕರೆದೂ ಮಾಡ್ಬೇಡ. ಮಲಕ್ಕೋ."

ಇಷ್ಟು ಒಳ್ಳೆಯವಳಾಗಿರಲು ಇವಳಿಗೆ ಯಾರು ಹೇಳಿದ್ದು? ನಿಜ ಹೇಳಿಬಿಡುತ್ತೇನೆಂದು ಮರುದಿನ ತಾತನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. "ಡಾಕ್ಟರಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವಳಿಗೆ ಈ ತೋಟ ಅರ್ಥವಾಗಿದೆ ಎಂದುಕೊಂಡಿದ್ದೆ" ಎಂದರು. ಆಮೇಲೆ, "ಹೇಳಿದ ಕೆಲಸವನ್ನು ನೀನು ಶ್ರದ್ಧೆಯಿಂದ ಮಾಡುವವಳು. ಮೊದಲು ಬಂದವಳೂ ನೀನೇ ಅಲ್ಲವೇ? ದಾರಿ ತೆರೆದ ಮೇಲೆ ಕೀಲಿ ನೀನೇ ಇಟ್ಟುಕೊಳ್ಳುತ್ತೀಯಾ?" ಎಂದು ಕೇಳಿದರು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು "ಥ್ಯಾಂಕ್ಯೂ" ಎಂದೆ.

ಮುಂದಿನ ನವೆಂಬರ್ ನೋಡಲು ತಾತ ಉಳಿಯಲಿಲ್ಲ.