ಗಾಜಿನ ಮೇಲಿನ ನೀಲಿ ಗುರುತು

ಮೊನ್ನೆ ಮೂಡಿಗೆರೆಯ ದರ್ಜಿಯೊಬ್ಬ ನನ್ನ ಜುಬ್ಬದ ತೋಳು ಗಿಡ್ಡಮಾಡಲು ನೀಲಿ ಬಳಪದಿಂದ ಗೆರೆ ಎಳೆದ. ತೋಳು ಉದ್ದವಾಗಿಲ್ಲ, ಅದರೊಳಗಿನ ಮನುಷ್ಯ ಕುಗ್ಗಿದ್ದಾನೆ ಎಂದು ವಿವರಿಸಹೊರಟವನು, ಆ ಬಳಪದ ಒಣ ವಾಸನೆ ಮೂಗಿಗೆ ತಾಕಿದ್ದೇ ಆ ಮಾತು ಬಿಟ್ಟು ಬಳಪಕ್ಕೆ ಕೈ ಚಾಚಿದೆ. ಒಂದು ತುಂಡನ್ನು ಕೇಳಿ ಜೇಬಿಗೆ ಹಾಕಿಕೊಂಡೆ. ಏಕೆಂದು ಅವನು ಕೇಳಲಿಲ್ಲ. ನೀವು ಕೇಳುತ್ತೀರಿ, ಆದ್ದರಿಂದ ಹೇಳುತ್ತೇನೆ.

ನಲವತ್ತು ವರ್ಷಗಳ ಹಿಂದೆ ನಾನು ಬಾಳೂರಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ, ಅಂದರೆ ಆಳುಗಳ ಹಾಜರಿ ಬರೆಯುವವನು. ಭಾನುವಾರ ಮೂಡಿಗೆರೆಯ ವಾಚನಾಲಯದ ಬಾಗಿಲು ತೆರೆದು, ಪುಸ್ತಕದ ಬೀರುವಿನ ಗಾಜು ಒರೆಸಿ ಇಡುವುದು ನನ್ನ ಪಾಲಿನ ಸೇವೆ. ಶಾಲೆಯಲ್ಲಿ ಕಲಿತದ್ದು ಏಳನೆಯ ತರಗತಿ. ಉಳಿದದ್ದೆಲ್ಲ ಆ ಬೀರುವಿನಿಂದ ಬಂತು. ಹಾರ್ಮೋನಿಯಂ ಸಹ ಪುಸ್ತಕ ನೋಡಿಯೇ ಕಲಿತೆ. ಹಾಗೆ ಕಲಿತವನಿಗೆ ಒಂದು ಐಬು ಅಂಟಿಕೊಳ್ಳುತ್ತದೆ: ನುಡಿಸುವಾಗ ಕೀಗಳ ಮೇಲಿನಿಂದ ಕಣ್ಣು ಕೀಳಲಾರ.

ಅಲ್ಲಿ ಹಾಡಿನ ಅಭ್ಯಾಸಕ್ಕೆ ಬರುತ್ತಿದ್ದವರು ಹೊಲಿಗೆ ತರಗತಿಯ ಸುಮಿತ್ರಾ ಟೀಚರ್. ಬೀರುವಿಗೆ ಎದುರಾಗಿ ಅವರು ನಿಲ್ಲುತ್ತಿದ್ದರು. ಅವರ ಹಿಂದೆ, ಎಡಕ್ಕೆ, ಚಾಪೆಯ ಮೇಲೆ ಹಾರ್ಮೋನಿಯಂ ಹಿಡಿದು ನಾನು.

"ಶ್ರುತಿ ಕೊಡ್ಲಾ ಟೀಚರ್?"

"ತಡೀರಿ ಮಾರಾಯ್ರೆ. ಇನ್ನೂ ಮಾತೇ ಆಗ್ಲಿಲ್ಲ, ಹಾಡು ಎಲ್ಲಿಂದ ಬರ್ತದೆ?"

ಮೊದಲು ಪದಗಳನ್ನು ಬರಿಯ ಮಾತಿನಂತೆ ಆಡಿ ನೋಡುವುದು ಅವರ ಪದ್ಧತಿ. ಒಮ್ಮೆ ಮುನಿಸಿಕೊಂಡು, ಒಮ್ಮೆ ನಗುತ್ತ, ಒಮ್ಮೆ ಏನನ್ನೋ ಬಚ್ಚಿಟ್ಟವರ ಹಾಗೆ. ಈ ಮಾತು ಯಾರಿಗೆ? ಇದನ್ನಾಡುವ ಒಂದು ಗಳಿಗೆ ಮುಂಚೆ ಏನಾಯಿತು? ಕೇಳಿದವರು ಏನು ಮಾಡಬೇಕು? ಈ ಮೂರೂ ಗೊತ್ತಾಗದೆ ರಾಗಕ್ಕೆ ಕೈ ಹಾಕುತ್ತಿರಲಿಲ್ಲ. ಆಗಿನ ಸಂಗೀತದ ಮೇಷ್ಟರುಗಳೋ, ಭಾವಗೀತೆಯೆಂದರೆ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಡುವುದೆಂದು ಕಲಿಸಿದ್ದರು.

ಆ ವರ್ಷ ವಾಚನಾಲಯದ ವಾರ್ಷಿಕ ಕಾರ್ಯಕ್ರಮಕ್ಕೆ ಅವರು ಆರಿಸಿಕೊಂಡದ್ದು ಹೊರಟುನಿಂತವರನ್ನು ತಡೆಯುವ ಒಂದು ಹಾಡು. ಕಣ್ಣು ಮುಚ್ಚಬಾರದೇ ಎಂದು ನಾನು ಮೇಷ್ಟರ ಪರ ವಾದಿಸಿದೆ.

"ಕಣ್ಣು ಮುಚ್ಕೊಂಡು 'ಹೋಗ್ಬೇಡಿ' ಅಂದ್ರೆ, ಕಣ್ಣು ಬಿಡೋದ್ರೊಳಗೆ ಅವ್ರು ಬಸ್ ಹತ್ತಿರ್ತಾರೆ!" ಎಂದು ನಕ್ಕರು. ಆಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಬಳಪ ತೆಗೆದು, ಬೀರುವಿನ ಗಾಜಿನ ಮೇಲೆ ಒಂದು ಸಣ್ಣ ಕತ್ತರಿ ಗುರುತು ಹಾಕಿದರು. ಹಾಡು ಕೇಳುವವರ ಮುಖ ಅಲ್ಲಿದೆಯೆಂದು ಲೆಕ್ಕ.

"ಅಷ್ಟು ಕೆಳಗೆ ಯಾಕೆ?"

"ಕೂತವ್ರಿಗೆ ಹೇಳ್ತಿರೋದಲ್ವಾ?"

ನಾನೂ ಆಗ ಹೊರಟುನಿಂತವನೇ. ಸಕಲೇಶಪುರದ ಕಡೆಯ ದೊಡ್ಡ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತ್ತು. ಭಾನುವಾರ ಭಾನುವಾರ ಗಾಜು ಒರೆಸುವಾಗ ಗುರುತನ್ನೂ ಒರೆಸುತ್ತಿದ್ದೆ. ಅವರು ಬಂದು ಮತ್ತೆ ಅಲ್ಲಿಯೇ ಹಾಕುತ್ತಿದ್ದರು. ಕಾರ್ಯಕ್ರಮದ ದಿನ ಸಭೆ ಉಸಿರು ಬಿಗಿಹಿಡಿದು ಕೇಳಿತಂತೆ. ಕೇಳಿತಂತೆ ಎನ್ನುತ್ತೇನೆ, ನಾನು ಕೀಗಳನ್ನು ನೋಡುತ್ತಿದ್ದೆ. ಮುಗಿದ ಮೇಲೆ ಅವರು, "ಯಾವ ಬಸ್ಸಿಗೆ?" ಎಂದು ಮಾತ್ರ ಕೇಳಿದರು. ಬೆಳಗಿನದಕ್ಕೆ ಎಂದೆ. ಆರು ವರ್ಷದ ನಂತರ ಮರಳಿದಾಗ ಅವರು ಮದುವೆಯಾಗಿ ಕೊಪ್ಪಕ್ಕೆ ಹೋಗಿದ್ದರು.

ಕಾರ್ಯಕ್ರಮದ ಆ ದಿನ ಮುಂದಿನ ಸಾಲಿನಲ್ಲಿ, ಅವರನ್ನು ನೋಡಲು ಬಂದಿದ್ದ ಕೊಪ್ಪದ ವರ ಕುಳಿತಿದ್ದ. ಟೀಚರ್ ಹಾಡಿದ್ದು ಅವನಿಗೇ ಎಂದು ಊರು ಇವತ್ತಿಗೂ ಹೇಳುತ್ತದೆ. ಊರು ಹೇಳಿದ್ದನ್ನು ನಾನು ಸುಲಭಕ್ಕೆ ಒಪ್ಪುವವನಲ್ಲ. ಬರಿಯ ಹೊಟ್ಟೆಕಿಚ್ಚೆಂದು ನೀವು ನಗಬಹುದು. ಆದರೆ ವರನ ಸುದ್ದಿ ಬರುವುದಕ್ಕೆ ಒಂದು ತಿಂಗಳ ಮೊದಲೇ ಗಾಜಿನ ಮೇಲೆ ಗುರುತು ಬಿದ್ದಿತ್ತು. ಹಾಗಾದರೆ ಅದು ಯಾರ ಮುಖ? ನನ್ನ ತರ್ಕ ನಲವತ್ತು ವರ್ಷ ಅಲ್ಲಿಯೇ ನಿಂತಿತ್ತು.

ಜುಬ್ಬ ಅಳತೆಗೆ ಕೊಟ್ಟ ಆ ಸಂಜೆಯೇ ತಮ್ಮನ ಮೊಮ್ಮಗಳು ಅಮ್ಮು ನನ್ನನ್ನು ವಾಚನಾಲಯಕ್ಕೆ ಎಳೆದುಕೊಂಡು ಹೋದಳು. ಕಾಲೇಜಿನ ಸ್ಪರ್ಧೆಗೆ ಅವಳೂ ಹಾಡಬೇಕು.

"ಅಜ್ಜ, ಆ ಟೀಚರ್ ಹೆಂಗೆ ನಿಲ್ತಿದ್ರು? ಬಾಯಲ್ಲಿ ಹೇಳಿದ್ದು ಸಾಕು, ನಿಂತು ತೋರ್ಸಿ."

ಬೀರು ಅಲ್ಲಿಯೇ ಇದೆ, ಗಾಜೂ ಅದೇ. ಮೊದಲು ನೆನಪಿದ್ದ ಜಾಗದಲ್ಲಿ ಬಳಪದ ಗುರುತು ಹಾಕಿದೆ. ಈ ಕೈ ವಾರವಾರವೂ ಒರೆಸಿದ ಜಾಗ, ತಪ್ಪುವಂತಿರಲಿಲ್ಲ. ಅಮ್ಮುವನ್ನು ನಾನು ಹಾರ್ಮೋನಿಯಂ ಹಿಡಿದು ಕೂರುತ್ತಿದ್ದ ಕಡೆ ಚಾಪೆ ಹಾಸಿ ಕೂರಿಸಿ, ಟೀಚರ್ ನಿಲ್ಲುತ್ತಿದ್ದಲ್ಲಿ ಹೋಗಿ ನಿಂತೆ. ಅಲ್ಲಿ ನಾನು ನಿಂತದ್ದು ಅದೇ ಮೊದಲು. ಒರೆಸುವಾಗ ಗಾಜಿಗೆ ಮುಖ ಹಚ್ಚಿದವನಿಗೆ ಕಾಣುತ್ತಿದ್ದದ್ದು ಪುಸ್ತಕಗಳು ಮಾತ್ರ.

ಕಿಟಕಿಯ ಬೆಳಕಿನಲ್ಲಿ, ನೀಲಿ ಗುರುತಿಗೆ ಸರಿಯಾಗಿ, ಚಾಪೆಯ ಮೇಲೆ ಕೂತ ಅಮ್ಮುವಿನ ಪ್ರತಿಬಿಂಬ. ಮೊಬೈಲಿನಲ್ಲಿ ಶ್ರುತಿ ಹುಡುಕುತ್ತ ಕತ್ತು ಬಗ್ಗಿಸಿದ್ದಳು. ಕಾಣುತ್ತಿದ್ದದ್ದು ಬೈತಲೆ ಮಾತ್ರ.

ಗಾಜನ್ನು ಸಾಕ್ಷಿಯೆಂದು ಒಪ್ಪಬಾರದು, ನಾನು ಬಲ್ಲೆ. ನನ್ನ ಕೈ ಒಂದು ಗೇಣು ಆಚೀಚೆ ಆಗಿರಬಹುದು. ಆದರೂ ಆ ಬೈತಲೆಯ ಜಾಗದಲ್ಲಿ, ಕೀಗಳ ಮೇಲೆ ಬಗ್ಗಿದ್ದ ನನ್ನ ತಲೆಯನ್ನು ಇಟ್ಟು ನೋಡಿದೆ.

"ಅಜ್ಜ, ಶ್ರುತಿ ಸಿಕ್ತು. ಸುರು ಮಾಡ್ಲಾ?"

"ತಡಿ ಮಾರಾಯ್ತಿ," ಎಂದೆ. "ಮೊದ್ಲು ಒಂದ್ಸಲ ತಲೆ ಎತ್ತು."