ಕೋಠಿಯ ಫ್ರಿಜ್ಜು, ಕುಷಾಯಿಗೂಡದ ಚಿಂತೆ

ಹೈದರಾಬಾದಿನ ಪಶ್ಚಿಮಕ್ಕೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ನಿಲ್ಲಿಸುತ್ತಿದ್ದ ವರ್ಷಗಳಲ್ಲಿ ನಾನು ಪೂರ್ವಕ್ಕೆ, ಕುಷಾಯಿಗೂಡದಲ್ಲಿ, ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಎಂಜಿನಿಯರಾಗಿದ್ದೆ. ಆ ಕಡೆ ಹುಡುಗರು ಸಾಫ್ಟ್‌ವೇರ್ ಬರೆದು ಕಾರು ಕೊಳ್ಳುತ್ತಿದ್ದರು. ಈ ಕಡೆ ನಾನು ಬೆಸುಗೆ ಹಾಕಿ ಬೆರಳು ಸುಟ್ಟುಕೊಳ್ಳುತ್ತಿದ್ದೆ. ನೆಂಟರು ಕೆಲಸ ಏನೆಂದು ಕೇಳಿದಾಗ 'ಎಲೆಕ್ಟ್ರಾನಿಕ್ಸ್' ಎಂದರೆ ಸಾಕು, ಕ್ಷಣ ಹೊತ್ತು ಮರುಕಪಟ್ಟು ತಮ್ಮ ಮನೆಯ ಕೆಟ್ಟ ಟೀವಿಯ ಸುದ್ದಿ ತೆಗೆಯುತ್ತಿದ್ದರು.

ಹೆಂಡತಿಯ ತಮ್ಮನೊಬ್ಬನೇ ನನ್ನನ್ನು ವಿಜ್ಞಾನಿ ಎಂದು ನಂಬಿದ್ದವನು. ಕೋಠಿಯಲ್ಲಿ ಅವನದೊಂದು ಔಷಧಿ ಅಂಗಡಿ, ಮೇಲೆ ಮನೆ. ವಿಜಯಪುರದಿಂದ ಅವರ ಅಜ್ಜ ಬಂದು ಹಾಕಿದ ಅಂಗಡಿ ಅದು. ಎಸಿ ಹಾಕಿಕೊಂಡ ಹೊಸ ಔಷಧಿ ಮಳಿಗೆಗಳು ಬೀದಿಗೊಂದರಂತೆ ತೆರೆದ ಮೇಲೆ ಗಿರಾಕಿಗಳು ಕಡಿಮೆಯಾಗಿದ್ದರು. ಅವನಿಗೆ ಉಳಿದ ದಾರಿ ಒಂದೇ: ಆ ಭಾಗದ ಅಂಗಡಿಗಳಿಗೆಲ್ಲ ಇನ್ಸುಲಿನ್ ಸರಬರಾಜು ಮಾಡುವ ಏಜೆನ್ಸಿ ಹಿಡಿಯುವುದು. ಅದು ಸಿಕ್ಕರೆ ಅಂಗಡಿ ಉಳಿಯುತ್ತದೆ, ಸಿಗದಿದ್ದರೆ ದಸರೆ ಮುಗಿಸಿ ಶಟರ್ ಎಳೆಯುವುದು. ಹೀಗೆಂದು ಅವನೇ ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಹೇಳಿದ.

ಕಂಪನಿಯ ಷರತ್ತು ಸರಳವಾಗಿತ್ತು. ಫ್ರಿಜ್ಜಿನ ಒಳಗೆ ಎರಡರಿಂದ ಎಂಟು ಡಿಗ್ರಿಯ ನಡುವೆಯೇ ಇರಬೇಕು, ಹಾಗೆ ಇತ್ತು ಎಂಬುದಕ್ಕೆ ಒಂದು ತಿಂಗಳ ದಾಖಲೆ ಕೊಡಬೇಕು. ದಾಖಲೆ ಇಡುವ ಯಂತ್ರ ವಿದೇಶದಿಂದ ಬರಬೇಕು. ಅದರ ಬೆಲೆ ಕೇಳಿ ಮೈದುನ ಎರಡು ದಿನ ಮಂಕಾಗಿದ್ದನಂತೆ.

"ಅದೇನು ಮಹಾ," ಎಂದೆ ನಾನು. ಬಾಯಲ್ಲಿ ರೊಟ್ಟಿ ಇತ್ತು, ಆದರೂ ಮಾತು ಸ್ಪಷ್ಟವಾಗಿಯೇ ಹೊರಬಂತು. "ನಾ ಮಾಡಿ ಕೊಡ್ತೀನಿ. ಇಲ್ಲೇ ಕುಂತು ನಿನ್ನ ಫ್ರಿಜ್ ಎಷ್ಟು ತಣ್ಣಗ ಐತಿ ಅಂತ ಹೇಳ್ತೀನಿ."

ನನ್ನಂಥ ಪುಕ್ಕಲು ಸ್ವಭಾವದವರು ಇಂಥ ಮಾತು ಆಡಬಾರದು. ಆಡಿದ ಮರುಗಳಿಗೆಯಿಂದ ನಿದ್ದೆ ಕೆಡುತ್ತದೆ.

ಯಂತ್ರವೇನೋ ಆಯಿತು. ಕೋಠಿಯ ಗಲ್ಲಿಗಳಲ್ಲಿ ತಾಪ ಅಳೆಯುವ ಮೂರು ಕಾಲಿನ ಪುಟ್ಟ ಸೆನ್ಸರ್ ಚಿಪ್ಪು ಸಿಕ್ಕಿತು, ಒಂದು ಹಳೆಯ ಮೊಬೈಲೂ ಸಿಕ್ಕಿತು. ಅದರ ಕೆಲವು ಗುಂಡಿಗಳು ಸವೆದಿದ್ದವು. ಪರವಾಗಿಲ್ಲ, ಅವನ್ನು ಒತ್ತುವವರು ಯಾರೂ ಇರಲಿಲ್ಲ. ಬೇಗಂ ಬಜಾರಿನಿಂದ ತಂದ ಪ್ಲಾಸ್ಟಿಕ್ ತಿಂಡಿ ಡಬ್ಬಿಯೊಳಗೆ ಎಲ್ಲವನ್ನೂ ಕೂರಿಸಿದೆ. ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ, ಜೀವ ಇದೆ ಎಂದು ತೋರಿಸಲು ಮಿಣುಕುವ ಒಂದು ಕೆಂಪು ದೀಪ. ಚಿಪ್ಪು ಉದ್ದನೆಯ ವೈರಿನ ತುದಿಯಲ್ಲಿ ಫ್ರಿಜ್ಜಿನೊಳಗೆ, ಡಬ್ಬಿ ಹೊರಗೆ. ಡಬ್ಬಿಯಿಂದ ಹೊರಟ ಎಸ್ಸೆಮ್ಮೆಸ್ಸು ನಮ್ಮ ಮನೆಯ ಕಂಪ್ಯೂಟರಿಗೆ ಬಂದು ದಾಖಲಾಗುತ್ತಿತ್ತು. ತಾಪ ಎಂಟು ಡಿಗ್ರಿ ದಾಟಿದರೆ ಎಚ್ಚರಿಕೆಯ ಸಂದೇಶ ಮೂವರಿಗೆ ಹೋಗುತ್ತಿತ್ತು: ನನಗೆ, ಮೈದುನನಿಗೆ, ಮತ್ತು ಕಂಪನಿಯ ಅಧಿಕಾರಿಗೆ. ಅಧಿಕಾರಿಯ ನಂಬರು ಸೇರಿಸಿದ್ದು ನನ್ನದೇ ಬುದ್ಧಿವಂತಿಕೆ.

ಅಲ್ಲಿಯವರೆಗೆ ನನಗೆ ಕುಷಾಯಿಗೂಡದ ಚಿಂತೆಗಳಷ್ಟೇ ಇದ್ದವು. ಈಗ ಕೋಠಿಯ ಚಿಂತೆಯೂ ಜೇಬಿಗೇ ಬಂದು ಬೀಳತೊಡಗಿತು. ಅಂಗಡಿಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದರೆ ಕಾರ್ಖಾನೆಯಲ್ಲಿ ನನ್ನ ಫೋನು ಗುರ್ರೆನ್ನುತ್ತಿತ್ತು. ನಾನು ಮೀಟಿಂಗಿನಿಂದ ಎದ್ದು ಹೋಗಿ ಫೋನು ಮಾಡುತ್ತಿದ್ದೆ.

"ಬಾಗ್ಲಾ ಹಾಕೋ!"

"ಗಿರಾಕಿ ನಿಂತಾನ್ರಿ ಭಾವಾರ. ಬಾಗ್ಲಾ ತಗೀದ ಇನ್ಸುಲಿನ್ ಹ್ಯಾಂಗ ಕೊಡ್ಲಿ?"

"ಲಗೂ ಕೊಟ್ಟು ಹಾಕು."

"ನೀವು ಫೋನ್ ಇಟ್ರ ಹಾಕ್ತೀನ್ರಿ. ಒಂದು ಕೈಯಾಗ ನೀವದೀರಿ, ಒಂದು ಕೈಯಾಗ ಬಾಟ್ಲಿ ಐತಿ."

ಕೊನೆಗೆ ಚಿಪ್ಪನ್ನು ಗ್ಲಿಸರಿನ್ ತುಂಬಿದ ಪುಟ್ಟ ಬಾಟಲಿಯಲ್ಲಿ ಮುಳುಗಿಸಿಟ್ಟೆ. ಬಾಗಿಲು ತೆರೆದ ಮಾತ್ರಕ್ಕೆ ಬೆಚ್ಚಿಬೀಳುವ ಅದರ ಚಾಳಿ ನಿಂತಿತು. ನನ್ನನ್ನು ಮುಳುಗಿಸುವಷ್ಟು ದೊಡ್ಡ ಬಾಟಲಿ ಎಲ್ಲೂ ಸಿಗಲಿಲ್ಲ. ಸಂದೇಶ ಬಂದರೆ ಯಾಕೆ ಬಂತು ಎಂದು ಹೆದರುತ್ತಿದ್ದವನು, ಈಗ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹೆದರತೊಡಗಿದೆ.

"ನನಗ ಜ್ವರಾ ಬಂದಾಗ ಹಣಿ ಮುಟ್ಟಿ ನೋಡಿದವ್ರಲ್ಲ," ಎಂದಳು ಹೆಂಡತಿ. "ನನ್ನ ತಮ್ಮನ ಫ್ರಿಜ್ಜಿನ ಜ್ವರಾ ತಾಸಿಗೊಮ್ಮೆ ನೋಡಾಕತ್ತೀರಿ. ನಡೀಲಿ."

ತಿಂಗಳು ಮುಗಿಯುತ್ತ ಬಂತು. ದಾಖಲೆ ಚೆನ್ನಾಗಿತ್ತು: ನಾಲ್ಕು, ಐದು, ನಾಲ್ಕೂವರೆ. ಅಷ್ಟರಲ್ಲಿ ಮಹಾನವಮಿ ಬಂತು.

ನಮ್ಮ ಮನೆಯಲ್ಲಿ ಆಯುಧ ಪೂಜೆ ಎಂದರೆ ಕಟ್ಟುನಿಟ್ಟು. ದುಡಿದು ಅನ್ನ ಹಾಕುವ ವಸ್ತುಗಳನ್ನೆಲ್ಲ ತೊಳೆದು ಒರಸಿ, ಕುಂಕುಮ ಹಚ್ಚಿ, ದೇವಿಯ ಮುಂದೆ ಇಡಬೇಕು. ಇಟ್ಟ ಮೇಲೆ ಮರುದಿನ ದಶಮಿಯ ಆರತಿಯಾಗುವ ತನಕ ಯಾರೂ ಮುಟ್ಟುವಂತಿಲ್ಲ. ಅವಕ್ಕೂ ಒಂದು ದಿನ ವಿಶ್ರಾಂತಿ. ನನ್ನ ಬೆಸುಗೆ ಕಡ್ಡಿ, ಸ್ಕ್ರೂಡ್ರೈವರುಗಳು, ಹೆಂಡತಿಯ ಮಿಕ್ಸರು ಎಲ್ಲವೂ ಸಾಲಾಗಿ ಕೂತಿದ್ದವು. ಸ್ಕೂಟರಿಗೆ ಮಾಲೆ ಬಿದ್ದಿತ್ತು. ಫೋನನ್ನು ಮಾತ್ರ ನಾನು ಕುಂಕುಮ ಹಚ್ಚಿಸಿಕೊಂಡು ಜೇಬಿಗಿಳಿಸಿದ್ದೆ.

ಹೋಳಿಗೆಗೆ ತುಪ್ಪ ಹಾಕಿಕೊಳ್ಳುವಾಗ ಅದು ಗುರ್ರೆಂದಿತು. ಹದಿನೆಂಟು ಡಿಗ್ರಿ. ಇನ್ನೊಮ್ಮೆ ಗುರ್ರೆಂದಿತು. ಇಪ್ಪತ್ತಾರು. ಆಮೇಲೆ ಮೂವತ್ತೊಂದು. ಹಬ್ಬದ ದಿನ ಊರಿಗೆ ಊರೇ ಶುಭಾಶಯ ಕಳಿಸುವುದರಿಂದ ಸಂದೇಶಗಳೆಲ್ಲ ಸಿಕ್ಕಿಹಾಕಿಕೊಂಡು ಒಟ್ಟೊಟ್ಟಿಗೆ ಬರುತ್ತಿದ್ದವು. ಯಾವುದು ಎಷ್ಟು ಹೊತ್ತಿನ ಹಿಂದಿನದೋ ತಿಳಿಯಲಿಲ್ಲ. ಅವುಗಳ ನಡುವೆ ಕಂಪನಿಯ ಅಧಿಕಾರಿಯ ಸಂದೇಶವೂ ಒಂದಿತ್ತು: 'ನಿಮಗೂ ನಿಮ್ಮ ಕುಟುಂಬಕ್ಕೂ ದಸರಾ ಶುಭಾಶಯಗಳು.' ಎಲ್ಲರಿಗೂ ಕಳಿಸಿದ್ದೋ, ಮೂವತ್ತೊಂದು ಡಿಗ್ರಿ ನೋಡಿ ನನಗೆಂದೇ ಕಳಿಸಿದ್ದೋ?

ಮೈದುನನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ಕೂಟರಿನ ಕೀಲಿಗೆ ಕೈ ಹಾಕಿದರೆ ಹೆಂಡತಿ ಅಡ್ಡ ನಿಂತಳು.

"ಪೂಜಿ ಆದ ಗಾಡೀರಿ ಅದು. ನಾಳಿ ತನಕ ಮುಟ್ಟಂಗಿಲ್ಲ."

"ನಿನ್ನ ತಮ್ಮನ ಅಂಗಡಿ ಮುಳುಗಾಕತ್ತೈತಿ!"

"ಬಸ್ಸಿಗೆ ಹೋಗ್ರಿ. ಅದರ ಪೂಜಿ ಬ್ಯಾರೇದವ್ರು ಮಾಡ್ಯಾರ."

ಬಸ್ಸಿಗೇ ಹೋದೆ. ಕೋಠಿ ತಲುಪುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಫ್ರಿಜ್ಜು ಸುಟ್ಟಿತ್ತು, ಇನ್ಸುಲಿನ್ ಹಾಳಾಗಿತ್ತು, ಶಟರಿನ ಮೇಲೆ ಬಾಡಿಗೆಗೆ ಇದೆ ಎಂಬ ಬೋರ್ಡು ತೂಗುತ್ತಿತ್ತು. ನಿಜವಾದ ಶಟರು ಅರ್ಧ ಇಳಿದಿತ್ತು. ಒಳಗಿನಿಂದ ಮೈದುನ ಯಾರೋ ಗಿರಾಕಿಗೆ, "ಕಲ್ ಆವ್ ಭಾಯ್, ಆಜ್ ಪೂಜಾ ಹೈ," ಎನ್ನುತ್ತಿದ್ದ. ಬಗ್ಗಿ ಒಳಗೆ ಹೋದೆ.

ದೇವಿಯ ಮುಂದೆ ತಕ್ಕಡಿ, ಕತ್ತರಿ, ಕ್ಯಾಲ್ಕುಲೇಟರು, ಬೀಗದ ಕೈಗೊಂಚಲು, ಅವನ ಫೋನು. ಎಲ್ಲಕ್ಕೂ ನಡುವೆ, ಮಣೆಯ ಮೇಲೆ, ಚೆಂಡು ಹೂವಿನ ಮಾಲೆ ಹಾಕಿಕೊಂಡು ನನ್ನ ತಿಂಡಿ ಡಬ್ಬಿ ಕೂತಿತ್ತು. ಅದರ ವೈರನ್ನು ಅಂದವಾಗಿ ಸುತ್ತಿ, ಗ್ಲಿಸರಿನ್ ಬಾಟಲಿಯನ್ನು ತುಪ್ಪದ ದೀಪದ ಮಗ್ಗುಲಿಗೆ ಇಟ್ಟಿದ್ದರು. ಬಾಟಲಿಯ ಹಣೆಗೂ ಕುಂಕುಮ.

"ಇದನ್ಯಾಕ ಹೊರಗ ತಗದಿ?" ಎಂದು ಕೇಳಿದೆ.

"ಪೂಜಿಗಿ, ಭಾವಾರ. ಈ ವರ್ಷ ನಮ್ಮ ಅಂಗಡ್ಯಾಗ ದೊಡ್ಡ ಆಯುಧ ಅಂದ್ರ ಇದ ಅಲ್ಲೇನ್ರಿ? ನಿಮ್ಮ ಹೆಸರೀಲೆ ಒಂದು ಕಾಯಿ ಹೆಚ್ಚಿಗಿ ಒಡದೀನಿ."

"ಚಾಲೂ ಇಟ್ಟ ಇಟ್ಟೀಯಲ್ಲೋ ಮಾರಾಯಾ!"

"ಬಂದ್ ಮಾಡಿದ್ದನ್ನ ದೇವ್ರ ಮುಂದ ಇಡ್ತಾರೇನ್ರಿ? ಕೆಂಪು ದೀಪಾ ಮಿಣಮಿಣ ಅನ್ನಾಕತ್ತಿತ್ತು. ಅವ್ವಗ ಭಾಳ ಸೇರ್ತು."

ನಾನು ಬಾಟಲಿಯ ಕಡೆ ಕೈ ಚಾಚಿದೆ. ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಅಂದರು:

"ಅಳಿಯಾರ, ಕೈ ಹಚ್ಚಬ್ಯಾಡ್ರಿ. ನಾಳಿ ಮುಂಜಾನಿ ಆರತಿ ಆದ ಮ್ಯಾಲ ತಗೋರಿ."

"ಅತ್ತಿ, ಏಜೆನ್ಸಿ ಹೋಗ್ತೈತ್ರಿ."

"ಕೊಡಾಕಿ ಯಾರು? ಅಕಿನ ಮುಂದ ಇಟ್ಟೀವಲ್ಲ."

ನಾನು ದೇವರನ್ನು ನಂಬುತ್ತೇನೋ ಇಲ್ಲವೋ ಖಚಿತವಾಗಿ ಹೇಳಲಾರೆ. ನಂಬದೆ ಇರುವ ಧೈರ್ಯವಂತೂ ಇಲ್ಲ. ಕೈ ಹಿಂದೆ ತೆಗೆದುಕೊಂಡೆ.

ಫ್ರಿಜ್ಜು ಮೂಲೆಯಲ್ಲಿ ಗುಂಯ್ ಎನ್ನುತ್ತ ತನ್ನ ಪಾಡಿಗೆ ನಡೆಯುತ್ತಿತ್ತು. ಒಳಗೆ ಎಷ್ಟು ಡಿಗ್ರಿ? ಅದನ್ನು ಹೇಳಬೇಕಾದ ಯಂತ್ರ ದೇವಿಯ ತಾಪಮಾನ ಹೇಳುತ್ತ ಕೂತಿತ್ತು. ಅಂಗಡಿಯ ತುಂಬ ಥರ್ಮಾಮೀಟರುಗಳಿದ್ದವು, ಆದರೆ ಎಲ್ಲವೂ ಜ್ವರ ನೋಡುವಂಥವು. ಮನುಷ್ಯನಿಗಿಂತ ತಣ್ಣಗಿರುವುದು ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಗಲ್ಲಿಯಲ್ಲಿ ಪ್ರಯೋಗಶಾಲೆಯ ಸಾಮಾನು ಮಾರುವ ಚಾಚಾನ ಅಂಗಡಿ ತೆರೆದಿತ್ತು. ಗಾಜಿನದೊಂದು ಥರ್ಮಾಮೀಟರು ಕೇಳಿದೆ. ನನ್ನ ಗೋಳು ಕೇಳಿ ಅವರು ಅದನ್ನು ಕಾಗದದಲ್ಲಿ ಸುತ್ತಿಕೊಡುತ್ತ, "ಇಸ್ಕೋ ಭೀ ಪೂಜಾ ಮೇ ನಕ್ಕೋ ಬಿಠಾವ್ ಮಿಯಾಂ," ಎಂದು ಇದನ್ನಾದರೂ ಪೂಜೆಗೆ ಕೂರಿಸದಂತೆ ಎಚ್ಚರಿಸಿದರು.

ಹಾಗೆ, ದೂರದಿಂದ ತಾಪ ನೋಡುವ ಯಂತ್ರ ಮಾಡಿದವನು ಫ್ರಿಜ್ಜಿಗೆ ಮೊಣಕಾಲು ತಾಗುವಂತೆ ಸ್ಟೂಲು ಹಾಕಿಕೊಂಡು ಕೂತ. ಗಾಜಿನ ಥರ್ಮಾಮೀಟರನ್ನು ಓದಬೇಕೆಂದರೆ ಬಾಗಿಲು ತೆರೆಯಬೇಕು. ತೆರೆದರೆ ತಂಪು ಹೊರಗೆ ಹೋಗುತ್ತದೆ. ತೆರೆಯದಿದ್ದರೆ ನನ್ನ ಜೀವ ಹೋಗುತ್ತದೆ. ನಾಲ್ಕೂವರೆ ಇತ್ತು. ಖಾತ್ರಿ ಮಾಡಿಕೊಳ್ಳಲು ಮತ್ತೆ ತೆರೆದೆ. ಐದು. ಯಾಕೆ ಏರಿತು ಎಂದು ನೋಡಲು ಇನ್ನೊಮ್ಮೆ ತೆರೆದೆ.

"ಭಾವಾರ," ಎಂದ ಮೈದುನ ಮೆಲ್ಲಗೆ, "ನೀವು ನೋಡೂದು ಬಿಟ್ರ ಅದು ತಣ್ಣಗ ಇರ್ತೈತ್ರಿ."

ಪ್ರತಿ ಸಲ ನೋಡಿದ್ದನ್ನು ಅಧಿಕಾರಿಗೆ ಎಸ್ಸೆಮ್ಮೆಸ್ ಮಾಡಿದೆ. 'ಸೆನ್ಸರ್ ಪೂಜೆಯಲ್ಲಿದೆ. ನಾನೇ ಸ್ಟೂಲ್ ಹಾಕಿಕೊಂಡು ಕೂತು ನೋಡುತ್ತಿದ್ದೇನೆ. ಫ್ರಿಜ್ಜು ಸರಿ ಇದೆ. ಐದು ಡಿಗ್ರಿ.' ಜಾಲ ಕಿಕ್ಕಿರಿದಿದ್ದರಿಂದ ಕೆಲವು ಹೋಗಲಿಲ್ಲ. ಅತ್ತ ಪೂಜೆಯಲ್ಲಿದ್ದ ಸೆನ್ಸರು ಮಾತ್ರ ಹಟ ಬಿಡದೆ ಮೂವತ್ತೊಂದು, ಮೂವತ್ತೊಂದು ಎಂದು ಅದೇ ಮನುಷ್ಯನಿಗೆ ದೂರು ಕೊಡುತ್ತಿತ್ತು. ನಾನು ಮಾಡಿದ ಯಂತ್ರಕ್ಕೂ ನನಗೂ ಒಂದೇ ಕೋಣೆಯಲ್ಲಿ ಕೂತು ವಾದ ನಡೆದಿತ್ತು. ಯಂತ್ರವೇ ಹೆಚ್ಚು ಗಟ್ಟಿಯಾಗಿತ್ತು.

ಸಂಜೆ ಕರೆಂಟು ಹೋಯಿತು. ಫ್ರಿಜ್ಜಿನ ಗುಂಯ್ ನಿಂತಾಗ ಅತ್ತೆಯ ಕೈಯ ಬತ್ತಿಯೂ ನಿಂತಿತು. ಮೈದುನ ಮೇಲಿಂದ ಎರಡು ಕೌದಿ ತಂದು ಫ್ರಿಜ್ಜಿಗೆ ಹೊದಿಸಿದ. "ಈಗ ನೋಡ್ರಿ" ಎಂದು ಈ ಸಲ ಅವನೇ ಹೇಳಿದ. ಏಳು. ಇನ್ನೊಂದು ಡಿಗ್ರಿ ಏರಿದರೆ ಗಡಿ. ನಾನು ಬಾಗಿಲು ಮುಚ್ಚಿ, ಜೀವನದಲ್ಲಿ ಮೊದಲ ಸಲ ನೋಡದೆ ಕೂತೆ. ಕರೆಂಟು ಬಂದು ಫ್ರಿಜ್ಜು ಮತ್ತೆ ಗುಂಯ್ ಎಂದಾಗ ಮೂವರೂ ಅದಕ್ಕೆ ಕೈ ಮುಗಿದೆವು. ಏಳು ಎಂಬುದನ್ನೂ ಅಧಿಕಾರಿಗೆ ಕಳಿಸಿದೆ. ಮರುದಿನ ಆರತಿಯಾಗಿ ಸೆನ್ಸರು ಫ್ರಿಜ್ಜಿಗೆ ಮರಳುವ ತನಕ ಸ್ಟೂಲು ಬಿಟ್ಟು ಏಳಲಿಲ್ಲ.

ತಿಂಗಳ ದಾಖಲೆ ಮುದ್ರಿಸುವ ದಿನ ಮೈದುನ ನಮ್ಮ ಮನೆಗೆ ಬಂದ. ನವಮಿಯ ಸಾಲುಗಳು ಹಾಳೆಯ ಕೊನೆಯ ಭಾಗದಲ್ಲಿ ಗುಡ್ಡದಂತೆ ಎದ್ದಿದ್ದವು.

"ಅವಷ್ಟು ಅಳಿಸಿಬಿಡ್ರಿ ಭಾವಾರ. ನಿಮ್ಮ ಮಶಿನ್, ನಿಮ್ಮ ಕಂಪ್ಯೂಟರ್. ಯಾರು ಕೇಳ್ತಾರ?"

ನಾನು ಅಳಿಸಲಿಲ್ಲ. ಆಮೇಲೆ ನೆಂಟರಲ್ಲಿ ಇದನ್ನು ನನ್ನ ಪ್ರಾಮಾಣಿಕತೆ ಎಂದು ಹೇಳುವ ವಾಡಿಕೆ ಬಂತು. ಅಳಿಸಿದರೆ ಸಿಕ್ಕಿಬೀಳುವ ಬಗೆಗಳು ಎಷ್ಟಿವೆ ಎಂದು ಯೋಚಿಸಿಯೇ ನಾನು ಬೆವೆತಿದ್ದೆ, ಅಷ್ಟೇ. ಅಂಚಿನಲ್ಲಿ 'ಆಯುಧ ಪೂಜೆ' ಎಂದು ಬರೆದು, ಕೈಯಾರೆ ನೋಡಿದ ಅಂಕಿಗಳನ್ನು ಪಕ್ಕಕ್ಕೆ ಸೇರಿಸಿ ಕೊಟ್ಟೆ.

ಅಧಿಕಾರಿ ಅಂಗಡಿಗೆ ಬಂದ. ನಮಗಿಂತ ಚಿಕ್ಕ ವಯಸ್ಸಿನ ತೆಲುಗಿನವನು. ಹಾಳೆ ತಿರುವಿ, ಗುಡ್ಡದ ಹತ್ತಿರ ನಿಂತು, ನನ್ನನ್ನು ನೋಡಿ, "ಸ್ಟೂಲ್ ಮೀದ ಕೂರ್ಚುನ್ನದಿ ಮೀರೇನಾ?" ಎಂದ. ಸ್ಟೂಲಿನ ಮೇಲೆ ಕೂತವನು ನಾನೇ ಎಂದು ತಲೆಯಾಡಿಸಿದೆ. ಅವನು ಚೀಲದಿಂದ ಏಜೆನ್ಸಿ ಕೇಳಿದ್ದ ಬೇರೆ ಅಂಗಡಿಗಳ ದಾಖಲೆ ತೆಗೆದು ಮೇಜಿನ ಮೇಲೆ ಹರಡಿದ. ತಿಂಗಳು ಪೂರ್ತಿ ನಾಲ್ಕು, ನಾಲ್ಕು, ನಾಲ್ಕು. ಇಡೀ ಕೋಠಿಯಲ್ಲಿ ಕರೆಂಟು ಹೋದ ಆ ಸಂಜೆಯೂ ನಾಲ್ಕು. ಈ ಅಂಗಡಿಯಲ್ಲೊಂದೇ ಅವತ್ತು ಏಳಾಗಿದೆ ಎಂದು ಹೇಳಿ, ಏಜೆನ್ಸಿಯ ಕಾಗದಕ್ಕೆ ಸಹಿ ಮಾಡಿದ. ಮೈದುನ ಕಾಗದ ತೆಗೆದುಕೊಂಡ. ಅದನ್ನು ಎರಡೂ ಕೈಯಿಂದ ಹಿಡಿದು ಹಣೆಗೆ ಒತ್ತಿಕೊಂಡ. ಹೊರಡುವಾಗ ಅಧಿಕಾರಿ ಒಂದು ಷರತ್ತು ಹಾಕಿದ: ಮುಂದಿನ ನವಮಿಯ ದಿನವೂ ಫ್ರಿಜ್ಜಿನೊಳಗಿನ ತಾಪ ತಪ್ಪದೆ ಬರಬೇಕು.

ನಾನು ಉತ್ಸಾಹದಿಂದ ಎರಡನೆಯ ಸೆನ್ಸರು ಮಾಡಿದೆ. ಒಂದು ಪೂಜೆಗೆ ಕೂರಲಿ, ಇನ್ನೊಂದು ಫ್ರಿಜ್ಜಿನಲ್ಲಿರಲಿ. ಇಷ್ಟು ಸಲೀಸಾದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದುಕೊಂಡು ಅತ್ತೆಗೆ ವಿವರಿಸಿದೆ. ಅವರು ಎರಡು ಡಬ್ಬಿಗಳನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ಕೇಳಿದರು:

"ಎರಡೂ ದುಡೀತಾವೇನ್ರಿ?"

"ಹೂನ್ರಿ, ಎರಡೂ ವರ್ಷಪೂರ್ತಿ ದುಡೀತಾವ."

"ಮತ್ತ ಒಂದಕ್ಕ ಪೂಜಿ ಮಾಡಿ ಒಂದನ್ನ ಬಿಡೂದು ಹ್ಯಾಂಗ್ರಿ? ಎರಡೂ ಕೂಡ್ಲಿ."

ನಾನು ಮೈದುನನ ಮುಖ ನೋಡಿದೆ. ಅವನು ಏಜೆನ್ಸಿಯಿಂದ ಬಂದ ಹೊಸ ಇನ್ಸುಲಿನ್ ಪೊಟ್ಟಣಗಳನ್ನು ಫ್ರಿಜ್ಜಿಗೆ ಜೋಡಿಸುತ್ತ, ತಿರುಗಿಯೂ ನೋಡದೆ ಅಂದ:

"ಚಿಂತಿ ಮಾಡಬ್ಯಾಡ್ರಿ ಭಾವಾರ. ಸ್ಟೂಲಿಗೆ ಮೆತ್ತನ್ನ ಗಾದಿ ಹಾಕಸ್ತೀನಿ."